ಮಾತಾಡಲು ಕಲಿಸಿದ ಸರ್

ಚಿಕ್ಕೋಡಿಯ ಟೈರ್ ಅಂಗಡಿಯ ಮಹಡಿಯಲ್ಲಿ ರವಿವಾರಕ್ಕೊಮ್ಮೆ ನಮಗೆ ಮಾತಾಡಲು ಕಲಿಸುತ್ತಿದ್ದ ಸರ್ ಎಂಥ ಧಗೆಯಲ್ಲೂ ಟೈ ಸಡಿಲಿಸುತ್ತಿರಲಿಲ್ಲ. ನಾವು, ಸಹಕಾರಿ ಸೊಸೈಟಿಯ ಗುಮಾಸ್ತರು, ಹುಟ್ಟಿದಾಗಿನಿಂದ ಮಾತಾಡುತ್ತಲೇ ಇದ್ದವರು. ಅದು ಮಾತೇ ಅಲ್ಲವೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು.

“ಕಣ್ಣಾಗ ಕಣ್ಣಿಟ್ಟು ಮಾತಾಡ್ರಿ, ಜಗತ್ತು ನಿಮ್ಮ ಮಾತ ಕೇಳತೈತಿ” ಎನ್ನುತ್ತಿದ್ದರು. ಎನ್ನುವಾಗ ಎರಡು ಬೆರಳು ಅವರ ಕಣ್ಣಿನಿಂದ ಹೊರಟು ನಮ್ಮ ಕಣ್ಣಿನವರೆಗೆ ಬರುತ್ತಿದ್ದವು. ಮಾತಾಡುವಾಗ ನೆಲ ನೋಡಿದವನಿಗೆ ಅಂದು ಚಹಾ ಇಲ್ಲ.

ಒಂದು ಸಂಜೆ ಬಸ್ಸಿನಲ್ಲಿ ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ ಸಿಟ್ಟಾಗಿದ್ದ ಡ್ರೈವರ್, ಸರ್ ಇಳಿಯಬೇಕಿದ್ದ ಬೇಡಕಿಹಾಳ ಬಂದರೂ ಬಸ್ಸು ನಿಲ್ಲಿಸಲಿಲ್ಲ. ಸರ್ ಎದ್ದು, ಟೈ ಸರಿಪಡಿಸಿಕೊಂಡು, ಕಂಡಕ್ಟರನ ಬೆನ್ನಿಗೆ “ಎಕ್ಸ್‌ಕ್ಯೂಸ್ ಮೀ” ಎಂದರು. ಬೆನ್ನಿಗೆ ಕಣ್ಣಿರಲಿಲ್ಲ. ಎರಡನೆಯ ಸಲ ಅಂದದ್ದು ನನಗೂ ಕೇಳಿಸಲಿಲ್ಲ.

ಬಾಗಿಲ ಬಳಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ಬಸ್ಸಿನ ತಗಡನ್ನು ದಬದಬ ಬಡಿದಳು. “ಏ ಡ್ರೈವರಾ, ನಿಂದರಸೋ ಗಾಡಿ! ಮಾಸ್ತರ ಇಳಿಯಾವ್ರ ಅದಾರ. ಪಾಪ, ಅವರಿಗೆ ಬಾಯಿಲ್ಲ!”

ಬಸ್ಸು ಗಕ್ಕನೆ ನಿಂತಿತು. ಮುದುಕಿ ಯಾವ ಕೋರ್ಸ್ ಮಾಡಿದ್ದಳೋ.

ಮುಂದಿನ ರವಿವಾರ ಆತ್ಮವಿಶ್ವಾಸದ ಪಾಠ. ನಿಲ್ಲದೆ ಹೊರಟಿದ್ದ ಬಸ್ಸನ್ನು ತಾವು ಒಂದೇ ಮಾತಿಗೆ ನಿಲ್ಲಿಸಿದ ಕಥೆಯನ್ನು ಸರ್ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

“ನಾನೂ ಅದೇ ಬಸ್ಸಿನ್ಯಾಗ ಇದ್ನಿರಿ, ಸರ್” ಎಂದೆ, ಅವರೇ ಕಲಿಸಿದಂತೆ ಕಣ್ಣಲ್ಲಿ ಕಣ್ಣಿಟ್ಟು.

ಸರ್ ನೆಲ ನೋಡಿದರು. ಚಹಾ ಬಂದಾಗ ತಮ್ಮ ಕಪ್ಪನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದರು.