ಎರಡು ಮನೆಯ ಭೂತಕಾಲ

ಆಗ ಕುಸನೂರ ಇನ್ನೂ ಅರ್ಧ ಹಳ್ಳಿ, ಅರ್ಧ ಕಲಬುರಗಿ. ಸಂಜೆ ಎಮ್ಮೆಗಳೂ ಸಿಟಿ ಬಸ್ಸೂ ಒಂದೇ ರಸ್ತೆಯಲ್ಲಿ ಒಂದನ್ನೊಂದು ತಳ್ಳಿಕೊಂಡು ಬರುತ್ತಿದ್ದವು. ಅಲ್ಲಿ ನಮ್ಮದೊಂದು ಬಾಡಿಗೆ ಮನೆ. ಅಪ್ಪ ನಂದೂರಿನ ದಾಲ್ ಮಿಲ್ಲಿನಲ್ಲಿ ಸೂಪರ್‌ವೈಸರ್; ಮನೆಗೆ ಬಂದರೆ ಅಂಗಿಯಿಂದ ತೊಗರಿ ಹೊಟ್ಟಿನ ವಾಸನೆ ಬರುತ್ತಿತ್ತು. ನಾನು ಏಳನೇ ಕ್ಲಾಸು, ಹುಟ್ಟಾ ಅನುಮಾನದವಳು. ಅವ್ವ ಹಾಲು ಕೊಟ್ಟರೆ ಅದರಲ್ಲಿ ಔಷಧಿ ಕಲಸಿದ್ದಾಳೆಂದು ಮೂಸಿ ನೋಡುತ್ತಿದ್ದೆ. ಒಂದೆರಡು ಸಲ ಆಕೆ ಕಲಸಿದ್ದೂ ನಿಜ.

ಅಂಥ ನನಗೆ ಆ ವರ್ಷ ಶಾಲೆಯಲ್ಲಿ ಫ್ರೆಂಚ್ ಗಂಟುಬಿತ್ತು. ಊರಿನಲ್ಲಿ ಬೇರೆ ಯಾರಲ್ಲೂ ಇಲ್ಲದ್ದು ನಮ್ಮಲ್ಲಿದೆ ಎಂದು ಬೋರ್ಡು ಬರೆಸುವ ಆಸೆಗೆ ಆಡಳಿತ ಮಂಡಳಿಯವರು ಅದನ್ನು ಮೂರನೇ ಭಾಷೆಯಾಗಿ ತಂದಿದ್ದರು. ಪುಸ್ತಕ ತೆರೆದರೆ ಬರೆಯುವುದು ಒಂದು, ಓದುವುದು ಇನ್ನೊಂದು. ಪದದ ಬಾಲದ ಅಕ್ಷರಗಳನ್ನು ನುಂಗಿಬಿಡಬೇಕು. ಹೇಳಬಾರದ ಅಕ್ಷರವನ್ನು ಬರೆಯುವುದಾದರೂ ಯಾಕೆ? ಆ ಭಾಷೆಯವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಮೊದಲ ದಿನವೇ ಗುಮಾನಿ ಬಂತು.

ಕಲಿಸುತ್ತಿದ್ದವರು ಶಾಹೀನ್ ಮಿಸ್. ಹೈದರಾಬಾದಿನಲ್ಲಿ ಫ್ರೆಂಚ್ ಓದಿ ಬಂದವರು. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಊರ ಕನ್ನಡ. ಕ್ರಿಯಾಪದದ ಕಾಲಗಳು ನಮ್ಮ ತಲೆಗೆ ಹತ್ತದಿದ್ದಾಗ ಅವರು ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋಗಿ ಸುಣ್ಣದಲ್ಲಿ ಕುಂಟಾಟದ ಮನೆಗಳನ್ನು ಗೀಚಿದರು. ಒಂದು ವರ್ತಮಾನದ ಮನೆ, ಮುಂದೆ ಭವಿಷ್ಯದ ಮನೆ, ಹಿಂದೆ ಭೂತದ ಮನೆ. ಒಂಟಿಕಾಲಲ್ಲಿ ಯಾವ ಮನೆಗೆ ಹಾರಿದೆವೋ ಆ ಕಾಲದ ರೂಪವನ್ನು ಕೂಗಬೇಕು. ಮಣ್ಣು, ಬೆವರು, ನಗು ಎಲ್ಲ ಸೇರಿ ಫ್ರೆಂಚ್ ಸ್ವಲ್ಪ ಸಹ್ಯವಾಯಿತು. ಆದರೆ ಭೂತಕಾಲಕ್ಕೆ ಮಾತ್ರ ಎರಡು ಮನೆ ಇದ್ದವು. ಅಲ್ಲೇ ನಾನು ತಕರಾರು ತೆಗೆದೆ.

ಮೊದಲನೇ ಮನೆಯಲ್ಲಿ ನಿಂತು ಮಿಸ್, "ಎಲ್ ಎ ಅಲೇ. ಆಕಿ ಹೋಗ್ಯಾಳ" ಎಂದರು.

"‘ಎ’ ಅಂದ್ರ ‘ಇದ್ದಾಳ’ ಅಂತ ನಿನ್ನೆ ಹೇಳೀರಿ. ಹೋದಾಕಿ ಇರೋದು ಹೆಂಗ್ರೀ?" ಎಂದೆ.

"ಅರೇ, ಕೈಕು ಇಷ್ಟು ಶಕ್, ಯಾಕ ಇಷ್ಟು ಅನುಮಾನ ನಿನಗ? ನಿಮ್ಮ ಕನ್ನಡನೂ ಹಂಗ ಅದ. ಹೋಗ್ಯಾಳ ಅನ್ನೋದು ಒಡದು ನೋಡು. ಹೋಗಿ, ಅದಾಳ. ಇಲ್ಲಿಂದ ಹೋಗ್ಯಾಳ, ಎಲ್ಲೋ ಒಂದ ಕಡಿ ಅದಾಳ. ತಿರುಗಿ ಬರಬಹುದು."

"ಮತ್ತ ಹೋದಳು ಅಂದ್ರ?"

"ಅದು ಮುಗೀತು."

ಎರಡನೇ ಮನೆಯ ಹೆಸರು ಅಂಪಾರ್ಫೆ. ದಿನಾ ಮಾಡುತ್ತಿದ್ದು, ಈಗ ಮಾಡದೆ ಇರುವುದೆಲ್ಲ ಅಲ್ಲಿಗೆ ಸೇರುತ್ತದೆ ಎಂದರು ಮಿಸ್. ಅಂದಿನಿಂದ ನನಗೆ ಹೊಸ ಚಟ ಹತ್ತಿತು. ದೊಡ್ಡವರು ಏನು ಹೇಳುತ್ತಾರೆ ಎನ್ನುವುದಕ್ಕಿಂತ ಯಾವ ಕಾಲದಲ್ಲಿ ಹೇಳುತ್ತಾರೆ ಎಂದು ಕಿವಿಗೊಟ್ಟು ಕೇಳತೊಡಗಿದೆ.

ಅದೇ ಮಳೆಗಾಲದಲ್ಲಿ ಕಮಲಾಪುರದಿಂದ ಹಣ್ಣು ಬರುವುದು ನಿಂತಿತು. ಅಲ್ಲಿ ಕಾಕಾನ ಮನೆಯಲ್ಲಿ ಆಯಿ ಇದ್ದಳು, ಅಪ್ಪನ ತಾಯಿ. ಈ ಕಡೆ ಬರುವವರು ಯಾರೇ ಸಿಕ್ಕರೂ ಅವರ ಕೈಯಲ್ಲಿ ಒಂದು ಚೀಲ ಕೆಂಪು ಬಾಳೆಹಣ್ಣು ಕೊಟ್ಟು ಕಳಿಸುತ್ತಿದ್ದಳು. ಚೀಲ ಬಿಚ್ಚುವ ಮೊದಲೇ ಆ ಸಿಹಿ ವಾಸನೆ ಮನೆಯೆಲ್ಲ ತುಂಬುತ್ತಿತ್ತು. ಹಣ್ಣು ನಿಂತ ಮೇಲೆ ಅಪ್ಪ ಪ್ರತಿ ಭಾನುವಾರ ಒಬ್ಬನೇ ಕಮಲಾಪುರಕ್ಕೆ ಹೋಗತೊಡಗಿದ. ನಾನೂ ಬರುತ್ತೇನೆಂದರೆ ಪರೀಕ್ಷೆಯ ನೆಪ. ನಾನು ಒಳಗೆ ಬಂದರೆ ಅಪ್ಪ ಅವ್ವನ ಮಾತು ಗಕ್ಕನೆ ಮಳೆಯ ಕಡೆಗೋ ಬೇಳೆಯ ರೇಟಿನ ಕಡೆಗೋ ತಿರುಗುತ್ತಿತ್ತು.

ಒಂದು ದಿನ ಅವ್ವ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು: "ನಮ್ಮ ಅತ್ತಿ ಬೆಲ್ಲದ ಮಾಲ್ದಿ ಎಷ್ಟು ಛಲೋ ಮಾಡ್ತಿದ್ರು ಅಂತೀರಿ!"

ಮಾಡ್ತಿದ್ರು. ಅಂಪಾರ್ಫೆ! ಹಾಗಾದರೆ ಈಗ ಮಾಡುವುದಿಲ್ಲ.

"ಅವ್ವಾ, ಆಯಿ ಈಗ ಏನ್ ಮಾಡಾಕತ್ತಾಳ?" ಎಂದು ಕೇಳಿದೆ, ಏನೂ ತಿಳಿಯದವಳ ಹಾಗೆ.

"ಏನ್ ಮಾಡ್ತಾಳ, ಮಲಗಿರಬೇಕು" ಎಂದು ಅವ್ವ ರೊಟ್ಟಿಯ ಹಿಟ್ಟಿಗೆ ನೀರು ಹಾಕಿದಳು. ಹಿಟ್ಟು ಆಗಲೇ ನಾದಿಯಾಗಿತ್ತು.

ಮರುದಿನ ಮಿಸ್ಸನ್ನು ಕೇಳಿದೆ. "ಮಿಸ್, ಇನ್ನೂ ಇರೋರಿಗಿ ಅಂಪಾರ್ಫೆ ಹಚ್ತಾರೇನ್ರೀ?"

"ಹಚ್ತಾರ. ಮನುಷ್ಯಾ ಇರ್ತಾನ, ಮಾಡೋದು ಬಿಟ್ಟಿರ್ತಾನ. ಯಾರಿಗಿ ಹಚ್ಚಾಕಿ ನೀ?"

"ಯಾರಿಗೂ ಇಲ್ರೀ."

ಮಿಸ್ ನನ್ನನ್ನು ಒಂದು ಗಳಿಗೆ ನೋಡಿ, ತಲೆ ಸವರಿ ಹೋದರು. ತಲೆ ಯಾಕೆ ಸವರಬೇಕು? ಅವ್ವ ಇವರಿಗೂ ಹೇಳಿಕೊಟ್ಟಿದ್ದಾಳೆ ಎಂದು ಖಾತ್ರಿಯಾಯಿತು. ಆಯಿ ಸತ್ತಿದ್ದಾಳೆ, ಇಡೀ ಕಲಬುರಗಿಗೆ ಗೊತ್ತು, ನನಗೊಬ್ಬಳಿಗೇ ಹೇಳಿಲ್ಲ. ಯಾರಿಗೂ ಕಾಣದ ಹಾಗೆ ಶಾಲೆಯ ಗೋಡೆಯ ಹಿಂದೆ ನಿಂತು ಅತ್ತೆ.

ಭಾನುವಾರ ಅಪ್ಪ ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಅಡ್ಡ ನಿಂತೆ. "ಆಯಿ ಸತ್ತಾಳಲ್ಲಾ? ಖರೆ ಹೇಳು."

"ಏ ಹುಚ್ಚಿ! ಬಿಡ್ತು ಅನ್ನು!" ಅಪ್ಪನ ಮುಖ ಬಿಳಿಚಿತು. ಅವ್ವನ ಕಡೆ ನೋಡಿದ. ಅವ್ವ, "ಕರಕೊಂಡು ಹೋಗ್ರಿ, ಇನ್ನ ಎಷ್ಟು ದಿನ ಅಂತ" ಎಂದಳು.

ಹುಮನಾಬಾದ್ ಬಸ್ಸು ಹತ್ತಿದೆವು. ಮಹಾಗಾಂವ ಕ್ರಾಸಿನಲ್ಲಿ ಅಪ್ಪ ಕೇಳದೆಯೇ ಮಿರ್ಚಿ ಭಜಿ ಕೊಡಿಸಿದ. ಅದರ ಮೇಲೂ ನನಗೆ ಅನುಮಾನವೇ.

ಆದರೆ ಆಯಿ ಇದ್ದಳು! ಕಾಕಾನ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಓಡಿಹೋಗಿ ತೆಕ್ಕೆಗೆ ಬಿದ್ದೆ. ಅದೇ ಸೀರೆ, ಅದೇ ಎಲೆಯಡಿಕೆಯ ವಾಸನೆ. ಅವಳು ನನ್ನ ಗಲ್ಲ ಹಿಡಿದು, "ಬಂದೆವ್ವಾ? ನಿಂದ್ರು, ಈಗ ಉಣಬ್ಯಾಡ. ನಿಮ್ಮ ಮುತ್ಯಾ ತ್ವಾಟಕ್ಕ ಹೋಗ್ಯಾನ. ಹಣ್ಣ ತರ್ತಾನ" ಎಂದಳು.

ಮುತ್ಯಾ, ಅಪ್ಪನ ಅಪ್ಪ, ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಒಳಗಿನ ಗೋಡೆಯ ಮೇಲೆ ಅವನ ಫೋಟೋ ಮಾಲೆ ಹಾಕಿಕೊಂಡು ಕೂತಿತ್ತು. ನಾನು ಅಪ್ಪನನ್ನು ನೋಡಿದೆ. ಅಪ್ಪ ನೆಲ ನೋಡುತ್ತಿದ್ದ. ಇಷ್ಟು ದಿನ ಮುಚ್ಚಿಟ್ಟದ್ದು ಇದು. ಆಯಿಯ ನೆನಪು ಕೈಕೊಟ್ಟಿತ್ತು. ಒಲೆಯ ಹತ್ತಿರ ಅವಳನ್ನು ಬಿಡುತ್ತಿರಲಿಲ್ಲ, ಹಣ್ಣು ಕಳಿಸುವುದೂ ಅವಳಿಗೆ ಮರೆತುಹೋಗಿತ್ತು.

ನನಗೆ ಹೆದರಿಕೆಯಾಯಿತು. ತಪ್ಪು ಕಾಲ ಕೇಳಿದರೆ ಯಾರನ್ನೂ ಬಿಡದವಳು ನಾನು. ಮುತ್ಯಾ ಕುಂಟಾಟದ ಯಾವ ಮನೆಯಲ್ಲಿ ನಿಲ್ಲಬೇಕೆಂದು ನನಗೆ ಗೊತ್ತಿತ್ತು. ಆದರೆ ಆಯಿಯ ಮುಖ ನೋಡಿದರೆ ಅವಳು ಅವನನ್ನು ಈಗಷ್ಟೇ ಕಳಿಸಿ ಬಂದವಳ ಹಾಗಿದ್ದಳು.

"ಯಾವಾಗ ಹೋಗ್ಯಾನ, ಆಯಿ?"

"ಈಗರೆ, ನೀ ಬರೋಕಿಂತ ಮುಂದ."

"ಹಂಗಾದ್ರ ಬರ್ತಾನ ಬಿಡು" ಎಂದು ಪಕ್ಕದಲ್ಲಿ ಕೂತು ತೊಗರಿಯಲ್ಲಿ ಕಲ್ಲು ಹೆಕ್ಕತೊಡಗಿದೆ. ಆಯಿ ಖುಷಿಯಾಗಿ ಮುತ್ಯಾನ ಸಿಟ್ಟು, ಅವನ ನಡಿಗೆ, ಅವನು ಹಣ್ಣು ಆರಿಸುವ ರೀತಿ ಎಲ್ಲ ಹೇಳಿದಳು, ಎಲ್ಲವನ್ನೂ ವರ್ತಮಾನದಲ್ಲೇ. ಅವನನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೊಂದೇ ಸಲ.

ಈಗ ಕುಸನೂರ ಪೂರ್ತಿ ಕಲಬುರಗಿಯಾಗಿದೆ, ಎಮ್ಮೆಗಳು ರಸ್ತೆ ಬಿಟ್ಟುಕೊಟ್ಟಿವೆ. ಫ್ರೆಂಚ್ ಮುಕ್ಕಾಲು ಪಾಲು ಮರೆತಿದ್ದೇನೆ. ಈಗ ಮನೆಯ ಯಾವ ಕೆಟ್ಟ ಸುದ್ದಿಯಿದ್ದರೂ ಮೊದಲು ನನಗೇ ಹೇಳುತ್ತಾರೆ. ನನ್ನನ್ನು ಕಂಡು ಮಾತು ತಿರುಗಿಸುವವರು ಯಾರೂ ಇಲ್ಲ. ಇದು ಶುರುವಾದದ್ದು ನಾನು ಡಿಗ್ರಿ ಓದುತ್ತಿದ್ದಾಗ. ಕ್ಲಾಸು ಬಿಟ್ಟು ಹೊರಗೆ ಬಂದರೆ ಕಾಲೇಜಿನ ಗೇಟಿನ ಹತ್ತಿರ ಅಪ್ಪ ನಿಂತಿದ್ದ. ಯಾವ ನೆಪವನ್ನೂ ಹೇಳಲಿಲ್ಲ, ಮಾತನ್ನು ಬೇರೆ ಕಡೆ ಎಳೆಯಲಿಲ್ಲ.

"ಆಯಿ ಹೋದಳವ್ವಾ" ಎಂದ.

ಹೋಗ್ಯಾಳ ಎನ್ನಬಹುದಿತ್ತು, ಎನ್ನಲಿಲ್ಲ. ನಾನು ಹಳೆಯ ರೂಢಿಯಂತೆ ಅವನ ಮುಖವನ್ನು ಹುಡುಕಿ ಹುಡುಕಿ ನೋಡಿದೆ. ಅನುಮಾನಪಡುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ.