ಬಾಯಿ ಬಿಡದ ಚಿಪ್ಪು

ಎಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕಿನ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಮನೆಯಲ್ಲಿ ಮಂಗಳೂರಿನ ಅಮ್ಮ ಒಬ್ಬರಿದ್ದರು. ಏನು ಕೈಗೆ ಸಿಕ್ಕಿದರೂ ಬೆರಳಿನಿಂದ ತಟ್ಟಿ, "ನೋಡುವ" ಎನ್ನುತ್ತಿದ್ದರು. ಒಂದು ಭಾನುವಾರ ಅವರನ್ನು ಹತ್ತಿರದ ಗುಡ್ಡಕ್ಕೆ ಕರೆದೊಯ್ದೆ. ಅಲ್ಲಿನ ಬಂಡೆಯ ತುಂಬ ಕಲ್ಲಾಗಿ ಹೋದ ಚಿಪ್ಪುಗಳಿದ್ದವು. ಲಕ್ಷಾಂತರ ವರ್ಷಗಳ ಹಿಂದೆ ಇಲ್ಲಿದ್ದ ಒಳನಾಡ ಸಮುದ್ರ, ಸತ್ತ ಚಿಪ್ಪುಗಳನ್ನು ದಡಕ್ಕೆ ತಂದು ಹಾಕಿತು ಎಂದರು ಗುಡ್ಡ ತೋರಿಸುತ್ತಿದ್ದ ಗೈಡು. ಅಮ್ಮ ಎರಡೂ ಹೋಳು ಬಿಗಿಯಾಗಿ ಮುಚ್ಚಿಕೊಂಡಿದ್ದ ಒಂದನ್ನು ತಟ್ಟಿ ನೋಡಿದರು.

"ಅಲ್ಲ ಮಾರಾಯ್ರೆ, ಸತ್ತದ್ದಾದ್ರೆ ಬಾಯಿ ಬಿಡ್ತಿತ್ತು. ಅಡುಗೆಗೆ ಮರುವಾಯಿ ಚಿಪ್ಪು ಆರಿಸುವಾಗ ನಾವು ನೋಡುವುದು ಅದನ್ನೇ. ಇದು ಜೀವ ಇರುವಾಗ್ಲೇ ಹೂತು ಹೋದದ್ದು. ಅವರಿಗೆ ಹೇಳಿ."

ಸಂಕೋಚದಿಂದಲೇ ಇಂಗ್ಲಿಷಿನಲ್ಲಿ ಹೇಳಿದೆ. ಗೈಡು ಮೊಣಕಾಲೂರಿ ಬಹಳ ಹೊತ್ತು ನೋಡಿ, "ಶೀ ಈಸ್ ರೈಟ್" ಎಂದರು.

ಅಮ್ಮ ಆ ಚಿಪ್ಪಿನ ಅಂಚಿನ ಮೇಲೆ ಹೆಬ್ಬೆರಳು ಸವರಿದರು.

"ಹೆದರಿ ಮುಚ್ಚಿಕೊಂಡದ್ದು, ಇನ್ನೂ ಬಿಡ್ಲಿಲ್ಲ ನೋಡಿ."