ಎದುರು ಮನೆಗೊಂದು ಅಂಚೆ ಕಾರ್ಡು

ಎದುರು ಮನೆಯ ಕೀತ್ ಅವರ ಕೈಗೆ, ತೀರಿಹೋದ ಅವರ ಹೆಂಡತಿ ಬರೆದಿಟ್ಟಿದ್ದ ಕಾರ್ಡನ್ನು ಕೊಟ್ಟೆ. ಎಂಬತ್ತಮೂರು ವರ್ಷದ ಆ ಮನುಷ್ಯ ಅದನ್ನು ತಿರುಗಿಸಿಯೂ ನೋಡಲಿಲ್ಲ. ನನಗೇ ವಾಪಸ್ ಕೊಟ್ಟು, ಇದನ್ನು ಪೋಸ್ಟ್ ಮಾಡು ಎಂದರು. ನಮ್ಮೆರಡು ಮನೆಗಳ ನಡುವೆ ಇರುವುದು ಒಂದು ರಸ್ತೆ, ಹದಿನಾಲ್ಕು ಹೆಜ್ಜೆ.

ನಾವು ಅಡಿಲೇಡ್‌ಗೆ ಬಂದು ಆಗ ಏಳು ತಿಂಗಳಾಗಿತ್ತು. ಗಂಡ ಸುಧೀರ ಇಲ್ಲಿನ ಆಸ್ಪತ್ರೆಯೊಂದರಲ್ಲಿ ವೈದ್ಯ. ನಾನು ಮೈಸೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹನ್ನೊಂದು ವರ್ಷ ಸುದ್ದಿ ತಿದ್ದಿದವಳು. ಬಾಡಿಗೆ ಮನೆ ಸಿಕ್ಕಿದ್ದು ಪೋರ್ಟ್ ಅಡಿಲೇಡ್‌ನಲ್ಲಿ, ಹಳೆಯ ಬಂದರಿನ ಹತ್ತಿರ. ಮೈಸೂರಿನ ನಮ್ಮ ಬೀದಿಯಲ್ಲಿ ಹೊಸಬರು ಸಾಮಾನು ಇಳಿಸುವ ಮೊದಲೇ ಅಕ್ಕಪಕ್ಕದವರು ಕಾಫಿ ಹಿಡಿದು ಬರುತ್ತಿದ್ದರು, ಯಾವ ಊರು, ಯಾರ ಪೈಕಿ ಎಂದು ವಿಚಾರಿಸುತ್ತಿದ್ದರು. ಇಲ್ಲಿ ಮೊದಲ ಎರಡು ತಿಂಗಳು ನಮ್ಮ ಕರೆಗಂಟೆ ಒತ್ತಿದ್ದು ಪಾರ್ಸೆಲ್ ತಂದವರು ಮಾತ್ರ.

ಮೊದಲು ಮಾತಾಡಿಸಿದವರು ಕೀತ್. ಹಿಂದೆ ಬಂದರಿನಲ್ಲಿ ಹಡಗಿನ ಸರಕು ಇಳಿಸುವ ಕೆಲಸದಲ್ಲಿದ್ದವರು. ಅವರನ್ನು ಬರೀ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಅಂಕಲ್ ಎಂದರೆ ಅವರು ನಗುತ್ತಿದ್ದರು, ನಾನು ಯಾವಾಗ ನಿನ್ನ ಅಪ್ಪನ ತಮ್ಮನಾದೆ ಎಂದು. ಅವರು ನನ್ನನ್ನು ‘ಲವ್’ ಎನ್ನುತ್ತಿದ್ದರು. ಮೊದಲ ದಿನ ಬೆಚ್ಚಿದೆ. ತರಕಾರಿ ಅಂಗಡಿಯವಳೂ ಬಸ್ ಡ್ರೈವರೂ ಹಾಗೇ ಕರೆದಾಗ ಗೊತ್ತಾಯಿತು, ಅದು ನಮ್ಮ ‘ತಾಯಿ’, ‘ಅಮ್ಮ’ ಇದ್ದ ಹಾಗೆ.

ಅವರ ಹೆಂಡತಿ ಜೋನ್ ನಾಲ್ಕು ತಿಂಗಳ ಹಿಂದೆ ತೀರಿಕೊಂಡಿದ್ದರು. ನಾನು ಕಾರ್ಡು ಕೊಟ್ಟ ವಾರದ ಶುಕ್ರವಾರ ಕೀತ್ ಮನೆ ಖಾಲಿ ಮಾಡಿ ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿರುವ ಮಗಳ ಮನೆಗೆ ಹೊರಡುವುದಿತ್ತು. ಅದಕ್ಕೆ ಮುಂಚೆ ಅವರಿಗೆ ಬರಬೇಕಾದದ್ದು ಒಂದೇ ಒಂದು ಉಳಿದಿತ್ತು. ಅದನ್ನು ಅವರು ಹೇಳಿದ್ದು ಹಿಂದಿನ ಶನಿವಾರ, ‘ಆರ್ವೋ’ದಲ್ಲಿ, ಅಂದರೆ ಇಲ್ಲಿನವರ ಸಾಯಂಕಾಲಕ್ಕೆ ಮುಂಚಿನ ಹೊತ್ತಿನಲ್ಲಿ.

ಬಂದರಿನ ಗುಂಟ ಹಳೆಯ ಗೋದಾಮುಗಳ ಮುಂದೆ ಒಂದು ಕಾಲುದಾರಿಯಿದೆ. ಅಲ್ಲೊಂದು ಕಡೆ ಯಾರೋ ಬಹಳ ವರ್ಷಗಳ ಹಿಂದೆ ಒಂದು ಡಬ್ಬಿ ಅಡಗಿಸಿಟ್ಟಿದ್ದಾರೆ. ಹುಡುಕಲು ಒಂದು ಚೀಟಿಯ ಸುಳಿವು. ಸಿಕ್ಕವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಅಲ್ಲೇ ಇರುವ ರಬ್ಬರ್ ಮುದ್ರೆ ಒತ್ತಿ, ತಮ್ಮ ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಕಾರ್ಡೊಂದನ್ನು ಇಟ್ಟು ಬರಬೇಕು. ಮುಂದೆ ಬರುವ ಅಪರಿಚಿತರು ಅದನ್ನು ಅಂಚೆಗೆ ಹಾಕುತ್ತಾರೆ. ಜೋನ್ ಪ್ರತಿ ವರ್ಷ ಒಂದು ಕಾರ್ಡು ಇಡುತ್ತಿದ್ದರು, ಗಂಡನ ಹೆಸರಿಗೆ. ಆಸ್ಪತ್ರೆ ಸೇರುವ ಹಿಂದಿನ ವಾರವೂ ಇಟ್ಟಿದ್ದರು. ಆ ಕಾರ್ಡು ಬಂದಿರಲಿಲ್ಲ. ಮೆಟ್ಟಿಲಿಳಿದು ಹೋಗಲು ಕೀತ್ ಅವರ ಮಂಡಿ ಒಪ್ಪುತ್ತಿರಲಿಲ್ಲ.

ಪರ್ತ್‌ನ ವಿಳಾಸಕ್ಕೇ ಅಂಚೆ ಬರುವ ಹಾಗೆ ಮಾಡಿಸಬಹುದಲ್ಲ ಎಂದೆ. ಜೋನ್ ಆ ಮನೆ ನೋಡಿಯೇ ಇಲ್ಲ ಎಂದರು. ಆಮೇಲೆ ಒಳಗೆ ಹೋಗಿ ಸುಳಿವಿನ ಚೀಟಿ ತಂದುಕೊಟ್ಟರು.

ಭಾನುವಾರ ಬೆಳಿಗ್ಗೆ ಒಂಬತ್ತು ವರ್ಷದ ಮಗಳು ಇಂಚರಳ ಜೊತೆ ಹೊರಟೆ. ಚೀಟಿಯ ಪ್ರಕಾರ, ಬಂದರಿನ ಕೆಂಪು ದೀಪಸ್ತಂಭಕ್ಕೆ ಬೆನ್ನು ಮಾಡಿ, ನೀರನ್ನು ಎಡಕ್ಕಿಟ್ಟುಕೊಂಡು ನಡೆಯಬೇಕು, ಹಡಗಿನ ಹಗ್ಗ ಕಟ್ಟುವ ಏಳನೆಯ ಕಬ್ಬಿಣದ ಗೂಟದ ಹತ್ತಿರ ಮೆಟ್ಟಿಲಿಳಿದು ಗೋಡೆ ತಟ್ಟಬೇಕು. ಮೈಸೂರಿನಲ್ಲಾದರೆ ಬೇಕರಿಯವನನ್ನೋ ಆಟೋದವನನ್ನೋ ಕೇಳಿದರೆ ಮುಗಿಯಿತು. ಇಲ್ಲಿ ಕೇಳುವ ಹಾಗಿಲ್ಲ, ಅಡಗಿಸಿಟ್ಟದ್ದು ಅಡಗಿಯೇ ಇರಬೇಕು. ಏಳನೆಯ ಗೂಟದ ಬಳಿ ಮೆಟ್ಟಿಲೇ ಇರಲಿಲ್ಲ. ಎರಡು ಸಲ ಎಣಿಸಿದೆ. ನೆಲ ನೋಡಿಕೊಂಡು ಬರುತ್ತಿದ್ದ ಇಂಚರ, ಗೂಟ ಕಿತ್ತುಹಾಕಿದ್ದ ಜಾಗದಲ್ಲಿ ಉಳಿದ ನಾಲ್ಕು ಬೋಲ್ಟುಗಳನ್ನು ತೋರಿಸಿದಳು. ಅದನ್ನೂ ಸೇರಿಸಿ ಎಣಿಸಿದರೆ ಒಂದು ಗೂಟ ಹಿಂದೆಯೇ ಮೆಟ್ಟಿಲು ಸಿಕ್ಕಿತು. ಸಡಿಲವಾಗಿದ್ದ ಇಟ್ಟಿಗೆ ತೆಗೆದೆವು. ಹಿಂದೆ, ರಬ್ಬರ್ ಬಟ್ಟೆ ಸುತ್ತಿದ ಊಟದ ಡಬ್ಬಿಯಂಥದ್ದು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹೀಗೊಂದು ಡಬ್ಬಿ ಇಟ್ಟರೆ ಎಷ್ಟು ಹೊತ್ತು ಉಳಿದೀತು ಎಂದು ಯೋಚಿಸಿದೆ.

ಒಳಗೆ ಒಂದೇ ಕಾರ್ಡು ಇತ್ತು, ಜೋನ್ ಅವರದು. ತೆರೆದ ಕಾರ್ಡು, ಡೆಸ್ಕಿನವಳ ಕಣ್ಣು, ಓದಿಬಿಟ್ಟೆ. ಅದು ನನಗೆ ಬರೆದದ್ದಲ್ಲ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಹೆಸರು ಬರೆದು ಮುದ್ರೆ ಒತ್ತಿ, ಡಬ್ಬಿ ಮುಚ್ಚಿಟ್ಟು, ಕಾರ್ಡನ್ನು ಕೈಚೀಲಕ್ಕೆ ಹಾಕಿಕೊಂಡೆ.

“ಅಮ್ಮಾ, ಯು ಹ್ಯಾವ್ ಟು ಪೋಸ್ಟ್ ಇಟ್,” ಎಂದಳು ಇಂಚರ.

“ಎದುರು ಮನೆಯವ್ರಿಗೆ ಯಾರಾದ್ರೂ ಪೋಸ್ಟ್ ಮಾಡ್ತಾರೇನೇ? ಕೈಗೇ ಕೊಟ್ರೆ ಆಯ್ತಪ್ಪ.”

“ದಟ್ಸ್ ನಾಟ್ ದ ರೂಲ್.”

ನಾವು ಹೀಗೇ ಬೆಳೆದವರು. ಬೆಂಗಳೂರಿಗೆ ಹೊರಟವರ ಕೈಯಲ್ಲಿ ಉಪ್ಪಿನಕಾಯಿ, ಮದುವೆ ಕಾಗದ, ಔಷಧಿ ಎಲ್ಲವನ್ನೂ ಕೊಟ್ಟು ಕಳಿಸಿದವರು. ಕೈಯಾರೆ ಮುಟ್ಟಿಸುವುದು ನಮ್ಮಲ್ಲಿ ಅಂಚೆಗಿಂತ ದೊಡ್ಡ ಮರ್ಯಾದೆ. ಆ ಧೈರ್ಯದಲ್ಲೇ ಕೀತ್ ಅವರ ಬಾಗಿಲು ತಟ್ಟಿದೆ. ಮಿಕ್ಕದ್ದನ್ನು ಮೊದಲೇ ಹೇಳಿದ್ದೇನೆ, ಕಾರಣವೊಂದನ್ನು ಬಿಟ್ಟು. ಬಾಗಿಲಲ್ಲೇ ನಿಂತು ಅವರು ಹೇಳಿದ್ದು ಇಷ್ಟು:

“ಕೈಯಲ್ಲಿ ಕೊಟ್ರೆ ಅದು ನೀನು ಕೊಟ್ಟಿದ್ದು, ಲವ್. ಅಂಚೆಯಲ್ಲಿ ಬಂದ್ರೆ ಜೋನ್ ಕಳಿಸಿದ್ದು.”

ಹೋಗಿ ಅಂಚೆಗೆ ಹಾಕಿದೆ. ಆಮೇಲೆ ಹೆದರಿಕೆ ಶುರುವಾಯಿತು. ಕೈಗೆ ಸಿಕ್ಕಿದ್ದನ್ನು ಮತ್ತೆ ದಾರಿಗೆ ಬಿಟ್ಟಿದ್ದೆ. ಇಲ್ಲಿ ಕಾಗದ ದಿನವೂ ಬರುವುದಿಲ್ಲ, ನಮ್ಮ ಬೀದಿಗೆ ದಿನ ಬಿಟ್ಟು ದಿನ. ಸೋಮವಾರ ಬರಲಿಲ್ಲ. ಬುಧವಾರ ಪೋಸ್ಟಿ ತನ್ನ ಮೂರು ಚಕ್ರದ ಗಾಡಿಯಲ್ಲಿ ಬಂದು ಕೀತ್ ಅವರ ಗೇಟಿನ ಮುಂದೆ ನಿಲ್ಲದೆ ಹೋದಳು. ಇಲ್ಲಿ ಅಂಚೆ ಹಂಚುವವರನ್ನು ಪೋಸ್ಟಿ ಎನ್ನುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ಸುಧೀರನಿಗೆ, ಬಲವಂತವಾಗಿಯಾದ್ರೂ ಕೊಟ್ಟುಬಿಡಬೇಕಿತ್ತು ಅಂದೆ. “ಕೊಟ್ಟಿದ್ದೆ ತಾನೇ? ಬೇಡ ಅಂದ್ರು. ಸುಮ್ನೆ ಊಟ ಮಾಡು,” ಎಂದ.

ಶುಕ್ರವಾರ ಬೆಳಿಗ್ಗೆ ಲಾರಿ ಬಂದು ಸಾಮಾನು ತುಂಬಿಕೊಂಡು ಹೋಯಿತು. ಹನ್ನೆರಡಕ್ಕೆ ವಿಮಾನ ನಿಲ್ದಾಣದ ಟ್ಯಾಕ್ಸಿ. ಕೂರಲು ಕುರ್ಚಿಯಿಲ್ಲದೆ ಕೀತ್ ಗೇಟಿನ ಪಕ್ಕದ ಮೋಟು ಗೋಡೆಯ ಮೇಲೆ ಕೂತಿದ್ದರು. ನಾನು ಫ್ಲಾಸ್ಕಿನಲ್ಲಿ ಕಾಫಿ ಒಯ್ದೆ. ಒಂದು ಗುಟುಕು ಕುಡಿದು, ಎಷ್ಟು ಗಟ್ಟಿ, ಇದರಲ್ಲಿ ಚಮಚ ನೆಟ್ಟರೆ ನಿಲ್ಲುತ್ತದೆ ಎಂದರು. ಪೂರ್ತಿ ಕುಡಿದರು. ಹನ್ನೊಂದೂವರೆಗೆ ಪೋಸ್ಟಿ ಬಂದಳು. ಪಿಜ್ಜಾ ಅಂಗಡಿಯ ಜಾಹೀರಾತಿನ ಜೊತೆ ಆ ಕಾರ್ಡು ಇತ್ತು.

ಕೀತ್ ಕನ್ನಡಕ ಹುಡುಕಿ ಹಾಕಿಕೊಂಡು, ತಮ್ಮದೇ ವಿಳಾಸವನ್ನು ಮೊದಲು ಓದಿದರು. ಆಮೇಲೆ ಹಿಂಬದಿ. ನಾನು ರಸ್ತೆಯ ಕಡೆ ತಿರುಗಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಒಂದು ಸಾಲನ್ನು ಗಟ್ಟಿಯಾಗಿ ಓದಿದರು. ಅವರೇ ಓದಿದ್ದರಿಂದ ಅದನ್ನು ಬರೆಯಬಹುದು: “ಟೊಮೇಟೊ ಗಿಡಕ್ಕೆ ನೀರು ಹಾಕಿದೀನಿ ಅಂತೀಯ, ನಾನು ನಂಬಲ್ಲ.”

“ಹಾಕಿದ್ರಾ?” ಎಂದೆ.

“ಇಲ್ಲ,” ಎಂದರು. ಕಾರ್ಡನ್ನು ಅಂಗಿಯ ಜೇಬಿಗಿಟ್ಟು ಜೇಬಿನ ಗುಂಡಿ ಹಾಕಿದರು. ಟ್ಯಾಕ್ಸಿ ಹತ್ತುವಾಗ ಕೇಳಿದರು, ಡಬ್ಬಿಯಲ್ಲಿ ನಿನ್ನ ಕಾರ್ಡು ಇಟ್ಟೆಯಾ ಎಂದು. ನಾನು ಇಟ್ಟಿರಲಿಲ್ಲ. ಹಾಗಾದರೆ ಅದು ಖಾಲಿ ಇದೆ ಎಂದರು, ಗಂಭೀರವಾಗಿ, ನಾನು ಯಾರದೋ ಮನೆಯ ಬಾಗಿಲು ತೆರೆದಿಟ್ಟು ಬಂದವಳ ಹಾಗೆ.

ಮುಂದಿನ ಭಾನುವಾರ ಕಾರ್ಡು ಕೊಂಡು ಬಂದರಿನ ಆ ಮೆಟ್ಟಿಲ ಮೇಲೆ ಇಂಚರಳ ಜೊತೆ ಕೂತೆ. ಸ್ವಂತ ವಿಳಾಸ ಬರೆಯಬೇಕೆಂಬುದು ನಿಯಮ. ಮೈಸೂರಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಅಲ್ಲಿಗೆ ಬರೆದರೆ ನಾನು ನೋಡಿಯೇ ಇರದ ಒಂದು ಸಂಸಾರಕ್ಕೆ ಕಾರ್ಡು ತಲುಪುತ್ತದೆ. ಇಲ್ಲಿನ ಕರಾರು ಮಾರ್ಚ್‌ವರೆಗೆ, ಆಮೇಲೆ ಯಾವ ಮನೆಯೋ ಗೊತ್ತಿಲ್ಲ. ಇಂಚರ, “ಜಸ್ಟ್ ರೈಟ್ ಅವರ್ ಅಡ್ರೆಸ್, ಅಮ್ಮಾ,” ಎಂದಳು. ಅವಳಿಗೆ ಅದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ.

ಬಲಬದಿಗೆ ಪೋರ್ಟ್ ಅಡಿಲೇಡ್‌ನ ವಿಳಾಸವನ್ನು ಅಂಚೆಯವರಿಗೆ ಅರ್ಥವಾಗಲೆಂದು ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಎಡಬದಿಗೆ, ನನಗೆ ಹೇಳಿಕೊಳ್ಳಬೇಕಾದ ನಾಲ್ಕು ಸಾಲನ್ನು ಕನ್ನಡದಲ್ಲಿ. ಯಾರ ಕೈಗೆ ಸಿಕ್ಕರೂ ಅವರು ಅರ್ಧವನ್ನಷ್ಟೇ ಓದಬಲ್ಲರು. ತಲುಪಿಸಲು ಅಷ್ಟು ಸಾಕು.